ಮಿರ್ಲೆಯ ಬಿಳಿ ಬೊಂತೆ

ಮಗಳ ಬಸಿರಿಗೆ ಎಂಟು ತಿಂಗಳು ತುಂಬಿದ ವಾರದಲ್ಲಿ ನಾನು ಬೊಂತೆ ತರಲು ಬೀಚನಹಳ್ಳಿಗೆ ಹೊರಟೆ. ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಆಗ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆ ಹಗಲೂ ರಾತ್ರಿ ಉರಿಯುತ್ತಿರಬೇಕು, ಬಿಸಿ ಒಂಚೂರು ಹೆಚ್ಚುಕಮ್ಮಿಯಾದರೂ ಸೊಪ್ಪಿನ ಬಣ್ಣ ಕೆಡುತ್ತದೆ. ಗಂಡ ಅಲ್ಲಿಂದ ಕದಲುವಂತಿರಲಿಲ್ಲ. ಅವರು ಬರಬೇಕಾದ ಅಗತ್ಯವೂ ಇರಲಿಲ್ಲ. ಬೊಂತೆ ತರಲು ಮಗು ಹುಟ್ಟುವ ಮನೆಯ ಹೆಂಗಸೇ ಹೋಗಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ.

ಬೊಂತೆ ಎಂದರೆ ಕೌದಿಯೇ. ಹರಕು ಸೀರೆ, ಹಳೇ ಪಂಚೆಗಳ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಕೈಹೊಲಿಗೆ ಹಾಕಿದ ಹಾಸು. ಎಲ್ಲರ ಮನೆಯಲ್ಲೂ ಅದು ನೂರು ಬಣ್ಣದ್ದು. ನಮ್ಮದು ಮಾತ್ರ ಅಪ್ಪಟ ಬಿಳಿ. ಮೇಲುಗಡೆಯೂ ಬಿಳಿ, ಕೆಳಗಡೆಯೂ ಬಿಳಿ, ದಾರವೂ ಬಿಳಿ. ಒಂದೇ ಉದ್ದನೆಯ ಬಟ್ಟೆಯನ್ನು ನಡುವಿಗೆ ಮಡಿಸಿ, ಒಳಗೆ ಪದರಗಳನ್ನಿಟ್ಟು, ಅಂಚಿನಿಂದ ಅಂಚಿನವರೆಗೆ ಒತ್ತೊತ್ತಾಗಿ ಹೊಲಿದದ್ದು. ಎಲ್ಲೂ ತೇಪೆಯಿಲ್ಲ, ಕೂಡು ಹೊಲಿಗೆಯಿಲ್ಲ. ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ. ಓರೆಯಾಗಿ ಬಿಸಿಲು ಬಿದ್ದಾಗ ಮಾತ್ರ ಹೊಲಿಗೆಗಳು ಎದ್ದು ನಿಂತು, ಹೊಸಿಲ ಮುಂದಿನ ಎಳೆ ರಂಗೋಲಿಯಂತೆ ಸುತ್ತಿ ಸುತ್ತಿ ಬರುವ ಬಳ್ಳಿ ಕಾಣುತ್ತದೆ.

ಅದು ಯಾರ ಸೊತ್ತೂ ಅಲ್ಲ. ಮಿರ್ಲೆಯಲ್ಲಿ ಹುಟ್ಟಿದ ನಮ್ಮ ವಂಶ ಈಗ ನಾಲ್ಕು ಮನೆಯಾಗಿ ನಾಲ್ಕು ತಾಲ್ಲೂಕಿಗೆ ಹಂಚಿಹೋಗಿದೆ. ಮಿರ್ಲೆಯ ಮೂಲ ಮನೆ ಕೆ.ಆರ್. ನಗರದ ಕಡೆಗೆ, ತಮ್ಮ ಇರುವ ನನ್ನ ತವರು ಪಿರಿಯಾಪಟ್ಟಣದಲ್ಲಿ, ನಾನು ಹುಣಸೂರು ತಾಲ್ಲೂಕಿನಲ್ಲಿ, ಕಬಿನಿ ಕಟ್ಟೆಯ ನೀರಾವರಿ ಕೆಲಸಕ್ಕೆಂದು ಹೋದವರು ಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ. ಯಾವ ಮನೆಯಲ್ಲಿ ಕೊನೆಯ ಮಗು ಹುಟ್ಟಿತೋ ಆ ಮನೆಯಲ್ಲಿ ಬೊಂತೆ ಇರುತ್ತದೆ. ಇನ್ನೊಂದು ಮನೆಯಲ್ಲಿ ಬಸಿರು ತುಂಬುತ್ತಿದ್ದಂತೆ ಅಲ್ಲಿಗೆ ಹೋಗುತ್ತದೆ. ಹುಟ್ಟದ ಮಗುವಿಗೆ ಏನನ್ನೂ ಹೊಲಿದಿಡಬಾರದು ಎನ್ನುತ್ತಾರಲ್ಲ, ಬೊಂತೆಗೆ ಆ ಕಟ್ಟು ಇಲ್ಲ. ಅದು ಹುಟ್ಟುವ ಎಲ್ಲರಿಗಿಂತ ಹಳೆಯದು.

ನಾನು ಅದನ್ನು ಮೊದಲು ಕಂಡದ್ದು ತಮ್ಮ ಹುಟ್ಟಿದಾಗ, ಪಿರಿಯಾಪಟ್ಟಣದ ಮನೆಯಲ್ಲಿ. ಅವ್ವನ ಪಕ್ಕದಲ್ಲಿ ಕೆಂಪಗೆ ಮುದುರಿಕೊಂಡು ಮಲಗಿದ್ದ ಅವನಿಗಿಂತ ಅವನ ಕೆಳಗಿದ್ದ ಬಿಳುಪೇ ನನ್ನ ಕಣ್ಣು ಸೆಳೆದಿತ್ತು. ಸಾರಿಸಿದ ನೆಲ, ಮಸಿ ಹಿಡಿದ ಗೋಡೆ, ಕಂಬಳಿ, ಗೋಣಿ, ಎಲ್ಲವೂ ಮಣ್ಣಿನ ಬಣ್ಣದ್ದೇ ಆದ ಆ ಕೋಣೆಯಲ್ಲಿ ಅಷ್ಟು ಬೆಳ್ಳಗಿನದು ಎಲ್ಲಿಂದ ಬಂತೆಂದು ಬೆರಗಾಗಿದ್ದೆ. ಮುಟ್ಟಲು ಕೈ ನೀಡಿದವಳನ್ನು ಅಜ್ಜಿ ತಡೆದಳು.

"ಕೈ ತೊಳ್ಕಂಡ್ ಬಾ. ಆ ಬಟ್ಟೆ ನನಗಿಂತ ದೊಡ್ಡದು ಕಣವ್ವ."

ಅಜ್ಜಿ ಎಂದರೆ ನನ್ನ ಅವ್ವನ ಅವ್ವ. ಆ ಬೊಂತೆಯ ಮೇಲೆ ಮಲಗಿದ ಮೊದಲ ಎರಡು ಮಕ್ಕಳಲ್ಲಿ ಅವಳೂ ಒಬ್ಬಳು. ಇನ್ನೊಬ್ಬ ಅವಳ ಅಣ್ಣನೋ ತಮ್ಮನೋ ಆಗಬೇಕಾದವನು. ಯಾರು ಮೊದಲು ಹುಟ್ಟಿದರೆಂಬುದೂ ಅವರಿಬ್ಬರಿಗೆ ಗೊತ್ತಿರಲಿಲ್ಲ. ಕೊನೆಗಾಲದಲ್ಲಿ ಅಜ್ಜಿ ನಮ್ಮ ಮನೆಯಲ್ಲೇ ಇದ್ದಳು. ಅವರೆಕಾಯಿ ಬಿಡಿಸುವಾಗ, ರಾಗಿ ಕೇರುವಾಗ, ನನ್ನ ತಲೆ ಬಾಚುವಾಗ ಅವಳು ಹೇಳಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಹೀಗಿದೆ.

ಅಜ್ಜಿಯ ಅಪ್ಪ ಮಿರ್ಲೆಯಲ್ಲಿ ಗದ್ದೆ ಇದ್ದ ಒಕ್ಕಲಿನವನು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲವೆಂದು ಎರಡನೇ ಮದುವೆ ಮಾಡಿಕೊಂಡ. ಮೊದಲನೆಯವಳು ಅದೇ ಸೀಮೆಯವಳು. ಎರಡನೆಯವಳನ್ನು ಕೋಟೆ ಕಡೆಯ ಹೊಳೆದಂಡೆಯ ಒಂದು ಹಳ್ಳಿಯಿಂದ ತಂದ. ಆ ಹಳ್ಳಿ ಈಗ ಕಬಿನಿ ಹಿನ್ನೀರಿನ ಅಡಿಯಲ್ಲಿದೆ. ಅಜ್ಜಿ ಇವರನ್ನು ಹಿರೇವ್ವ, ಕಿರೇವ್ವ ಎನ್ನುತ್ತಿದ್ದಳು. ಕಿರೇವ್ವ ಬಂದ ದಿನದಿಂದ ಹಿರೇವ್ವ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಒಂದೇ ಒಲೆಯಲ್ಲಿ ಅಡುಗೆ, ಒಂದೇ ಒಳಕಲ್ಲಿನಲ್ಲಿ ಕುಟ್ಟುವುದು. ಆದರೆ ಮಾತೆಲ್ಲ ಹಸುವಿಗೆ, ಬೆಕ್ಕಿಗೆ, ಗೋಡೆಗೆ. "ಉಪ್ಪು ಎಲ್ಲಿಟ್ಟವ್ರೋ" ಎಂದು ಒಬ್ಬಳು ಗೋಡೆಗೆ ಕೇಳಿದರೆ, "ಗೂಡಲ್ಲೈತೆ" ಎಂದು ಇನ್ನೊಬ್ಬಳು ಬೆಕ್ಕಿಗೆ ಹೇಳುತ್ತಿದ್ದಳಂತೆ.

ವರ್ಷ ತುಂಬುವುದರೊಳಗೆ ಕಿರೇವ್ವ ಬಸುರಾದಳು. ಅದರ ಬೆನ್ನಿಗೇ ಹಿರೇವ್ವನೂ. ಸವತಿ ಬಂದ ಮೇಲೆ ಹೊಟ್ಟೆ ತೆರೀತು ಎಂದು ಊರು ನಕ್ಕಿತು. ಯಜಮಾನ ನಗಲಿಲ್ಲ. ಒಂದು ದಿನ ಊಟಕ್ಕೆ ಕೂತವನು ಇಬ್ಬರಿಗೂ ಕೇಳಿಸುವಂತೆ ಹೇಳಿದ: "ಗಂಡು ಹೆತ್ತೋಳು ಈ ಮನೆಗೆ ಯಜಮಾನಿ. ಇನ್ನೊಬ್ಳು ಅವಳ ಕೈ ಕೆಳಗಿರ್ಬೇಕು. ಇದೇ ಮಾತು."

ಆಗಲೇ ಮಿರ್ಲೆಗೆ ಪ್ಲೇಗು ಬಂತು. ಸೂರಿನಿಂದ ಇಲಿಗಳು ಬಿದ್ದು ಸಾಯತೊಡಗಿದವು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಂಗಡಿಗಳು ಮುಚ್ಚುವ ಮುಂಚೆ ಯಜಮಾನ ಎಡತೊರೆಗೆ ಹೋಗಿ, ಆಗಿನ್ನೂ ಕೆ.ಆರ್. ನಗರವನ್ನು ಹಾಗೇ ಕರೆಯುತ್ತಿದ್ದರು, ದಪ್ಪ ಬಿಳಿ ಬಟ್ಟೆಯ ಒಂದು ತಾನು, ಇಡೀ ಸುರುಳಿಯನ್ನೇ, ಹೊತ್ತು ತಂದ. ಸಾವು ಬಂದರೆ ಹೊದಿಸಲು ಬಟ್ಟೆಯಿಲ್ಲದೆ ಎಷ್ಟೋ ಹೆಣಗಳು ಹಾಗೇ ಹೋಗಿದ್ದನ್ನು ಅವನು ಕಂಡಿದ್ದ. ಮನೆಮಂದಿಗೆಲ್ಲ ಸಾಲುವಷ್ಟು ಅಳೆಸಿ ತಂದಿದ್ದನಂತೆ. ದಿನ ತುಂಬಿದ ಇಬ್ಬರು ಹೆಂಡಿರನ್ನು ದೂರದ ಹೊಲದಲ್ಲಿ ಒಂದೇ ಗುಡಿಸಲಲ್ಲಿಟ್ಟು, ಜೊತೆಗೆ ಒಬ್ಬ ಮುದಿ ಸೂಲಗಿತ್ತಿಯನ್ನು ಬಿಟ್ಟ. ಅವನು ದನಗಳ ಜೊತೆ ಇನ್ನೊಂದು ಹೊಲದಲ್ಲಿದ್ದ. ರಾಗಿಹಿಟ್ಟು, ಸೌದೆಯನ್ನು ಬದುವಿನ ಮೇಲಿಟ್ಟು ಕೂಗಿ ಹೇಳಿ ಹೋಗುತ್ತಿದ್ದ.

ಇಲ್ಲಿಯವರೆಗೂ ಹಿರೇವ್ವ, ಕಿರೇವ್ವ ಎಂದು ಬಿಡಿಸಿ ಹೇಳುತ್ತಿದ್ದ ಅಜ್ಜಿ, ಗುಡಿಸಲಿನ ಒಳಗೆ ಹೋದ ಕೂಡಲೇ ಮಾತು ಬದಲಿಸುತ್ತಿದ್ದಳು. ಅಲ್ಲಿಂದ ಮುಂದೆ "ಒಬ್ಳು", "ಇನ್ನೊಬ್ಳು" ಅಷ್ಟೇ.

"ಒಬ್ಳಿಗೆ ನೋವು ಬಂತು. ಮಗ ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈಲಿ ಆಗ್ಲಿಲ್ಲ, ಅವಳಿಗಾಗ್ಲೇ ಜರ. ಇನ್ನೊಬ್ಳು ತುಂಬಿದ್ ಹೊಟ್ಟೆ ಇಟ್ಕಂಡು ಹಿಂದುಕ್ ಕೂತ್ಕಂಡು, ಇವಳ್ನ ತನ್ ಎದೆಗೊರಗಿಸ್ಕಂಡು, ಹಗಲೆಲ್ಲ ಹಿಡ್ಕಂಡವಳೆ. 'ಸಾಯ್ಬ್ಯಾಡ ಕಣಕ್ಕ' ಅಂದ್ಳೋ, 'ಸಾಯ್ಬ್ಯಾಡ ಕಣೆ' ಅಂದ್ಳೋ, ಅದ್ನ ಹೇಳ್ಲಿಲ್ಲ. ಅದೇ ಅವರಿಬ್ರು ಆಡ್ಕಂಡ ಮೊದ್ಲ ಮಾತು. ಆಮೇಲೆ ಇನ್ನೊಬ್ಳಿಗೆ ಬಂತು. ಆಗ ಇವಳು ಹಸಿ ಮೈಲೇ ಎದ್ದು ಅವಳ ಬೆನ್ನಿಗ್ ಕೂತ್ಳು."

ಒಂದು ಗಂಡು, ಒಂದು ಹೆಣ್ಣು. ಒಬ್ಬಳಿಗೆ ಜ್ವರ ಏರಿ ಹಾಲು ಬತ್ತಿತು, ಇನ್ನೊಬ್ಬಳು ಎರಡಕ್ಕೂ ಕೊಟ್ಟಳು. ಆಮೇಲೆ ಅವಳಿಗೆ ಸುಸ್ತಾದಾಗ ಈ ಒಬ್ಬಳು ಎರಡಕ್ಕೂ ಕೊಟ್ಟಳು. ಸೂಲಗಿತ್ತಿ ಆ ಗುಡಿಸಲಿನಲ್ಲೇ ಸತ್ತಳು. ಮನೆಮಂದಿಗೆಂದು ತಂದ ತಾನಿನಿಂದ ಹರಿದು ಹೊದಿಸಿದ್ದು ಅವಳೊಬ್ಬಳಿಗೇ. ಯಾರು ಯಾರನ್ನು ಹೆತ್ತರೆಂದು ಕಂಡಿದ್ದ ಮೂರನೆಯ ಕಣ್ಣು ಆ ಬಟ್ಟೆಯೊಂದಿಗೇ ಮಣ್ಣಿಗೆ ಹೋಯಿತು.

ಯಜಮಾನ ಬಂದು ಬದುವಿನ ಮೇಲೆ ನಿಂತ. ಇಬ್ಬರೂ ಹೊರಬಂದರು, ತಲಾ ಒಂದು ಮಗು ಎತ್ತಿಕೊಂಡು.

"ಏನೇನಾಯ್ತು?"

"ಒಂದು ಗಂಡು, ಒಂದು ಹೆಣ್ಣು."

"ಗಂಡು ಯಾರ್ದು?"

"ನಿಮ್ದೇ" ಎಂದರಂತೆ.

ಅವನು ಗದರಿದ. ಕಾಡಿದ. ಒಬ್ಬೊಬ್ಬಳನ್ನೇ ಬೇರೆಬೇರೆಯಾಗಿ ಕರೆದು ರಮಿಸಿ ಕೇಳಿದ. ಹೊಲದ ಗುಡಿಸಲಿನಲ್ಲಿ ಅವರು ಏನು ಮಾತಾಡಿಕೊಂಡಿದ್ದರೋ, ಸಾಯುವವರೆಗೂ ಒಬ್ಬಳೂ ಬಾಯಿ ಬಿಡಲಿಲ್ಲ. ಮನೆಗೆ ಇಬ್ಬರು ಯಜಮಾನಿಯರಾದರು. ಅಜ್ಜಿ ತನ್ನ ಮದುವೆಗೆ ಮುಂಚೆ, ತವರು ಬಿಟ್ಟುಹೋಗುವ ಸಂಕಟದಲ್ಲಿ, ಧೈರ್ಯ ಮಾಡಿ ಕೇಳಿದಳಂತೆ: "ನಾನು ಯಾರ್ ಹೊಟ್ಟೇಲಿ ಹುಟ್ಟಿದ್ದು, ಹೇಳ್ರವ್ವ." ಇಬ್ಬರೂ ಮುಖ ನೋಡಿಕೊಂಡು ನಕ್ಕರು. "ನೀನು ಗುಡ್ಲಲ್ಲಿ ಹುಟ್ಟಿದ್ದು ಕಣ" ಎಂದರು.

ಊರಿಗೆ ಮರಳಿ, ಮನೆಗೆ ಸುಣ್ಣ ಬಳಿದಾದ ಮೇಲೆ ಆ ಬಟ್ಟೆಯ ತಾನು ಉಳಿದೇ ಇತ್ತು. ಹೆಣಕ್ಕೆಂದು ತಂದ ಬಟ್ಟೆಯನ್ನು ಉಡುವಂತಿಲ್ಲ, ಮಾರುವಂತಿಲ್ಲ, ದಾನ ಕೊಟ್ಟರೆ ತೆಗೆದುಕೊಳ್ಳುವವರಿಲ್ಲ. ಇಬ್ಬರು ಹೆಂಗಸರು ಜಗಲಿಯ ಮೇಲೆ ಅದನ್ನು ಹಾಸಿ, ಎರಡು ತುದಿಗೆ ಎದುರುಬದುರು ಕೂತು ಹೊಲಿಯತೊಡಗಿದರು. ದಾರವನ್ನೂ ಅದೇ ಬಟ್ಟೆಯಿಂದ ಎಳೆದು ಹೊಸೆದುಕೊಂಡರು. ಹಾದು ಹೋಗುತ್ತಿದ್ದವರೊಬ್ಬರು ತಡೆಯಲಾರದೆ, "ಸಾವಿನ್ ಬಟ್ಟೇಲಿ ಎಳೆ ಮಕ್ಳನ್ನ ಮಲಗಿಸ್ತೀರೇನ್ರವ್ವ?" ಎಂದರು. "ಆ ಸಾವು ಬಂದು ನೋಡ್ಲಿ ಬುಡಿ" ಎಂದು ಒಬ್ಬಳು ಹೇಳಿದಳು. "ನಮ್ಮ ಮಕ್ಳು ಅದರ ಮೇಲೇ ಮಲಗವ್ರೆ ಅಂತ ಗೊತ್ತಾಗ್ಲಿ."

ಇದು ನಾನು ಕೇಳಿದ್ದು. ಇನ್ನು ನಾನೇ ಕಂಡದ್ದಕ್ಕೆ ಬರುತ್ತೇನೆ.

ಬೀಚನಹಳ್ಳಿಯಲ್ಲಿರುವುದು ಆ ಗಂಡುಮಗುವಿನ ಮೊಮ್ಮಗ, ನನಗೆ ತಮ್ಮನಾಗಬೇಕು. ಅವನ ಕೊನೆಯ ಮಗ ಹುಟ್ಟಿದಾಗ ಹೋದ ಬೊಂತೆ ಅಲ್ಲಿಯೇ ಇತ್ತು. ಈಗ ಆ ಹುಡುಗ ಸೈಕಲ್ ಹೊಡೆಯುತ್ತಾನೆ. ನಾನು ಹೋದಾಗ ಆ ತಮ್ಮ ಕಬಿನಿ ಕಟ್ಟೆಯ ಕಡೆ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ, ಹಿರಿಯ ಮಗಳು ಇದ್ದರು. ಮಗಳು ಮೈಸೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ರಜೆಗೆ ಬಂದಿದ್ದಳು. ಊಟವಾದ ಮೇಲೆ ಅವನ ಹೆಂಡತಿ ಕೈಕಾಲು ತೊಳೆದು ಬಂದು, ಬೀರುವಿನಿಂದ ಗಂಟು ತೆಗೆದು ಮಂಚದ ಮೇಲೆ ಬಿಚ್ಚಿದಳು. ಒಳಗಿದ್ದ ಬೇವಿನೆಲೆ ಪುಡಿಪುಡಿಯಾಗಿ ಉದುರಿತು.

"ಒಂದ್ ದಿನಾನೂ ನೆಲಕ್ಕಾಕಿಲ್ಲ ಅಕ್ಕ. ನೋಡ್ಕಳಿ" ಎಂದಳು.

ಪಡುವಣ ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಮಂಚದ ಮೇಲೆ ಬಳ್ಳಿ ಎದ್ದು ಬಂತು. ನಾನು ಊರಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುವವಳು, ಹೊಲಿಗೆಯನ್ನು ಕೈಯಿಂದ ಓದುವ ಚಾಳಿ. ಬಾಗಿ ಒಂದು ತುದಿಯಿಂದ ಬೆರಳಾಡಿಸುತ್ತ ಹೋದೆ. ಈ ತುದಿಯ ಹೊಲಿಗೆ ಎಳ್ಳಿನಷ್ಟು, ಬಿಗಿಯಾಗಿ ಎಳೆದದ್ದು, ಎಲ್ಲೂ ಕದಲುವುದಿಲ್ಲ. ಆ ತುದಿಗೆ ಹೋಗಿ ನೋಡಿದೆ. ಅಲ್ಲಿ ಜೀರಿಗೆಯಷ್ಟು ಉದ್ದ, ಸಡಿಲ, ತಿರುವಿನಲ್ಲಿ ಒಂಚೂರು ಓಲಾಡುತ್ತದೆ. ಎರಡು ಕೈ. ಒಬ್ಬಳು ಹಟದವಳು, ಇನ್ನೊಬ್ಬಳು ಹಾಡುತ್ತ ಹೊಲಿದಂತಿರುವವಳು. ನೂರು ವರ್ಷದ ಹಿಂದೆ ಹೊಲಿದವರ ಸ್ವಭಾವ ನನ್ನ ಬೆರಳಿಗೆ ತಾಕುತ್ತಿತ್ತು.

ಎರಡೂ ಎಲ್ಲಿ ಸೇರುತ್ತವೆಂದು ಹುಡುಕಿದೆ. ಎಳ್ಳು ಮುಗಿದು ಜೀರಿಗೆ ಶುರುವಾಗುವ ಒಂದು ಗಡಿ ಇರಲೇಬೇಕಿತ್ತು. ಇರಲಿಲ್ಲ. ನಡುವಿಗೆ ಬರುಬರುತ್ತ ಒಂದೇ ಸಾಲಿನಲ್ಲಿ ಒಂದು ಗೇಣು ಎಳ್ಳು, ಆಮೇಲೆ ಜೀರಿಗೆ, ಮತ್ತೆ ಎಳ್ಳು. ಒಬ್ಬಳ ಕೈಯ ಸೂಜಿಯನ್ನು ಇನ್ನೊಬ್ಬಳು ತೆಗೆದುಕೊಂಡಿದ್ದಾಳೆ. ಮಗು ಅತ್ತು ಎದ್ದು ಹೋದಾಗಲೋ, ಒಲೆಯ ಮೇಲಿನ ಎಸರು ನೋಡಲು ಹೋದಾಗಲೋ. ನಟ್ಟನಡುವಿನಲ್ಲಿ ಮಾತ್ರ ಅದು ಎಳ್ಳೂ ಅಲ್ಲ, ಜೀರಿಗೆಯೂ ಅಲ್ಲ. ತಿಂಗಳುಗಟ್ಟಲೆ ಎದುರು ಕೂತು ಹೊಲಿದವರು ಒಬ್ಬರಂತೆ ಒಬ್ಬರು ಹೊಲಿಯಲು ಕಲಿತಿದ್ದರು.

"ಅತ್ತೆ, ನಿಮಗೆ ತಿಳ್ಕೋಬೇಕು ಅನ್ಸುತ್ತಾ?" ತಮ್ಮನ ಮಗಳು ನನ್ನ ಪಕ್ಕದಲ್ಲೇ ಬಾಗಿ ನಿಂತಿದ್ದಳು.

"ಏನನ್ನ?"

"ಯಾರು ಯಾರನ್ನ ಹೆತ್ತದ್ದು ಅಂತ. ಈಗ ತಿಳಿಯುತ್ತೆ."

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ತಾಯಿಯಿಂದ ಮಕ್ಕಳಿಗೆ ಮಾತ್ರ ಬರುವ ಒಂದು ಗುರುತು ರಕ್ತದಲ್ಲಿ, ಎಂಜಲಿನಲ್ಲಿ ಇರುತ್ತದಂತೆ. ಗಂಡಿಗೆ ಬಂದರೆ ಅದು ಅವನಲ್ಲೇ ನಿಲ್ಲುತ್ತದೆ, ಅವನ ಮಕ್ಕಳಿಗೆ ಹೋಗುವುದಿಲ್ಲ. ಹೆಣ್ಣಿಗೆ ಬಂದರೆ ಅವಳ ಮಗಳಿಗೆ, ಮಗಳ ಮಗಳಿಗೆ, ಹಾಗೇ ಕೆಡದೆ ಸಾಗುತ್ತದೆ.

"ನಮ್ಮ ಮುತ್ತಾತ ಗಂಡು, ಅದಕ್ಕೆ ನಮ್ಮ ಮನೇಲಿ ಅದಿಲ್ಲ. ನಿಮ್ಮಲ್ಲಿದೆ. ನಿಮ್ಮಜ್ಜಿ, ನಿಮ್ಮಮ್ಮ, ನೀವು, ನಿಮ್ಮ ಮಗಳು. ಕಿರೇವ್ವನ ಅಕ್ಕನ ಕಡೆಯ ಹೆಣ್ಮಕ್ಕಳು ಮುಳುಗಡೆ ಆದ್ಮೇಲೆ ಬಂದು ಇಲ್ಲೇ ಕೋಟೆ ಹತ್ರ ಇದ್ದಾರೆ, ನಮಗೆ ಗೊತ್ತಿರೋರೇ. ಅವರದ್ದು, ನಿಮ್ಮದು ಪಕ್ಕದಲ್ಲಿಟ್ಟು ನೋಡಿದ್ರೆ ಆಯ್ತು. ಹೊಂದಿದ್ರೆ ನಿಮ್ಮಜ್ಜಿ ಕಿರೇವ್ವನ ಮಗಳು. ಇಲ್ಲಾಂದ್ರೆ ಹಿರೇವ್ವನ ಮಗಳು."

ಅವಳ ಅಮ್ಮ ಬೊಂತೆ ಮಡಿಸುವುದನ್ನು ನಿಲ್ಲಿಸಿದಳು. ಗಂಡನಿಗೂ ಹೇಳದೆ, ಹೆತ್ತ ಮಕ್ಕಳಿಗೂ ಹೇಳದೆ ಇಬ್ಬರು ಹೆಂಗಸರು ಗಂಟು ಹಾಕಿಟ್ಟದ್ದು ಇಷ್ಟು ವರ್ಷ ನನ್ನ ಬಾಯೊಳಗೇ ಇತ್ತೇ? ನಾನು ಉಗುಳು ನುಂಗಿದೆ. ಅದನ್ನು ನುಂಗಿದ್ದು ಕೂಡ ವಿಚಿತ್ರವಾಗಿ ಅರಿವಿಗೆ ಬಂತು.

"ಹೇಳ್ತೀನಿ ಕಣವ್ವ" ಎಂದಷ್ಟೇ ಹೇಳಿ, ಬೊಂತೆಯನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಕೊಂಡು ಹೊರಟೆ.

ಕೋಟೆಯಲ್ಲಿ ಬಸ್ಸು ಬದಲಿಸಿ ಹುಣಸೂರಿನ ಬಸ್ಸು ಹತ್ತಿದೆ. ಗಂಟನ್ನು ಮೇಲಿನ ಕ್ಯಾರಿಯರಿಗೆ ಹಾಕಲು ಮನಸ್ಸಾಗದೆ ಮಡಿಲಲ್ಲೇ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಹೊತ್ತು ನೋಡಿ, "ಏನವ್ವ, ಮಗೀನ ಎತ್ಕಂಡಂಗೆ ಎತ್ಕಂಡಿದ್ದೀಯ?" ಎಂದಳು. ಬೊಂತೆ ಎಂದೆ. ಅವಳು ಸೀರೆಯ ಮಡಿಕೆ ಸರಿಸಿ ಬಗ್ಗಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡು, "ಬೆಳ್ಳಗದೆ" ಎಂದು ಮೆಲ್ಲಗೆ ಹೇಳಿದಳು. ಆಮೇಲೆ ದಾರಿಯುದ್ದಕ್ಕೂ ತನ್ನ ಸೊಪ್ಪಿನ ಚೀಲ ಅದಕ್ಕೆ ತಗಲದಂತೆ ಕಾಲಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

ನನಗೆ ತಿಳಿಯಬೇಕೆಂಬ ಆಸೆ ಬಲವಾಗಿಯೇ ಇತ್ತು, ಇಲ್ಲವೆನ್ನಲಾರೆ. ಹಿರೇವ್ವನ ಮೊಮ್ಮಗಳ ಮಗಳೋ ನಾನು, ಕಿರೇವ್ವನ ಮೊಮ್ಮಗಳ ಮಗಳೋ? ಎಳ್ಳಿನ ಕೈಯವಳದೋ ನನ್ನ ಕೈ, ಜೀರಿಗೆಯವಳದೋ? ಕಿರೇವ್ವನದಾದರೆ ನೀರಿನಡಿ ಮಲಗಿರುವ ಆ ಊರು ನನ್ನದೂ ಹೌದಲ್ಲ ಎಂದು ಒಂದು ಸಲ ಅನಿಸುತ್ತಿತ್ತು. ಅಷ್ಟು ವರ್ಷ ಬರಿಹೊಟ್ಟೆಯಲ್ಲಿ ಕಾದು, ಆಮೇಲೂ ತನ್ನದೆನ್ನದೆ ಬಿಟ್ಟುಕೊಟ್ಟವಳು ಹಿರೇವ್ವ, ನಾನು ಅವಳವಳೇ ಆಗಿರಬೇಕು ಎಂದು ಇನ್ನೊಂದು ಸಲ. ಮನೆಗೆ ಬಂದು ಬೊಂತೆಗೆ ಸೊಪ್ಪಿನ ವಾಸನೆ ಹತ್ತದಂತೆ ಬ್ಯಾರನ್ನಿನಿಂದ ದೂರದ ಕೋಣೆಯಲ್ಲಿಟ್ಟು ಬಾಗಿಲು ಭದ್ರಪಡಿಸಿದೆ. ಯೋಚನೆ ಮಾತ್ರ ಹೊರಗೇ ಸುತ್ತುತ್ತಿತ್ತು.

ಹುಣಸೂರಿನ ಆಸ್ಪತ್ರೆಯಲ್ಲಿ ಮಗಳಿಗೆ ಹೆಣ್ಣು ಮಗುವಾಯಿತು. ಮನೆಗೆ ಕರೆತಂದ ದಿನ ಬೊಂತೆ ಹಾಸಿ ಮಲಗಿಸಿದೆವು. ಆಸ್ಪತ್ರೆಯಲ್ಲಿ ಬಿಟ್ಟೂ ಬಿಡದೆ ಅಳುತ್ತಿದ್ದದ್ದು, ಬೊಂತೆಯ ಮೇಲೆ ಮೈ ಚೆಲ್ಲಿ, ಮುಷ್ಟಿ ಬಿಚ್ಚಿ ಮಲಗಿತು. ಮಗಳು ಅದರ ಅಂಗಾಲಿನ ಕೆಳಗಿನ ಹೊಲಿಗೆಯನ್ನು ಉಗುರಿನಿಂದ ಸವರುತ್ತ ಕೂತಿದ್ದಳು. ನಾನು ಲ್ಯಾಬಿನ ಮಾತು ಅವಳಿಗೆ ಹೇಳಿದೆ.

"ಇವಳ ಹತ್ರಾನೂ ಇದೆಯಾ ಹಂಗಾದ್ರೆ?" ಎಂದು ಮಗುವನ್ನು ನೋಡಿದಳು.

"ಇದೆಯಂತೆ."

"ಎಷ್ಟು ದೂರದಿಂದ ಬಂದಿದ್ದೀಯೆ ನೀನು" ಎಂದು ಮಗುವಿಗೆ ಹೇಳಿದಳು.

ತೊಟ್ಟಿಲಿಗೆ ಹಾಕುವ ದಿನಕ್ಕೆ ನಾಲ್ಕೂ ಮನೆಯವರು ಬಂದರು. ಪಿರಿಯಾಪಟ್ಟಣದಿಂದ ತಮ್ಮ ಅವ್ವನನ್ನು ಕರೆತಂದ. ಅವ್ವನಿಗೆ ಈಗ ಕಿವಿ ಮಂದ, ಕಣ್ಣು ಮಾತ್ರ ಚುರುಕು. ಬೀಚನಹಳ್ಳಿಯ ಹುಡುಗಿಯೂ ಬಂದಿದ್ದಳು. ಊಟ ಮುಗಿದು ಗಂಡಸರು ಹೊರಗೆ ಹೋದ ಮೇಲೆ, ಬಾಣಂತಿ ಕೋಣೆಯಲ್ಲಿ ಅವ್ವನ ಕಿವಿಯ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಹುಡುಗಿಯೂ ಹೇಳಿದಳು. ಅವ್ವ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡಳು. ಸುಳ್ಳು ಎನ್ನಲಿಲ್ಲ, ಪಾಪ ಎನ್ನಲಿಲ್ಲ.

"ಎಂಜಲಲ್ಲಿ ಗೊತ್ತಾಯ್ತದಾ?"

"ಹೂಂ ಅಜ್ಜಿ."

"ಭೇಷ್" ಎಂದಳು ಅವ್ವ, ನಿಜವಾದ ಮೆಚ್ಚುಗೆಯಿಂದ. ಆಮೇಲೆ ನನ್ನ ಕಡೆ ತಿರುಗಿದಳು. "ಪಿತೃಪಕ್ಸದಲ್ಲಿ ನಮ್ಮವ್ವ ಆ ಇಬ್ರಿಗೂ ಎರಡು ಎಡೆ ಇಕ್ತಿದ್ಳು. ನಾನೂ ಎರಡು ಇಕ್ತೀನಿ. ನೀನೂ ಇಕ್ತೀಯಲ್ಲ?"

"ಹೂಂ."

"ಗೊತ್ತಾದ್ ಮ್ಯಾಕೆ ಯಾವ್ದು ತೆಗೀತೀಯೆ?"

ಹುಡುಗಿ ನಕ್ಕಳು, ಸೋತ ನಗುವಲ್ಲ, ಏನನ್ನೋ ಕಂಡವರ ನಗು. "ಬಿಡಿ ಅಜ್ಜಿ, ಎರಡೂ ಇಡಿ" ಎಂದು ಅವ್ವನ ಕೈ ಹಿಡಿದುಕೊಂಡಳು. ಪರೀಕ್ಷೆಯ ಮಾತು ಅಲ್ಲಿಗೇ ನಿಂತಿತು. ನನಗೆ ಆಸೆ ಪೂರ್ತಿ ಹೋಗಿದೆಯೆಂದಲ್ಲ. ಆದರೆ ಆ ಇಬ್ಬರೂ ನನಗೆ ಅವ್ವಂದಿರಾಗಿರುವುದು ಅವರು ಬಾಯಿ ಬಿಡದೆ ಇದ್ದದ್ದರಿಂದ. ಅದನ್ನು ಬಿಚ್ಚುವ ಕೈ ನನ್ನದಾಗುವುದು ಬೇಡವೆನಿಸಿತು.

ನೆಂಟರು ಹೋದರು, ಅವ್ವ ಉಳಿದಳು. ಬೊಂತೆ ತೊಳೆಯುವ ಕೆಲಸವಿತ್ತು. ಮಗು ತೊಟ್ಟಿಲಿಗೆ ಹೋದ ಮೇಲೆ ಬೊಂತೆಯನ್ನು ಹುಟ್ಟಿದ ಮನೆಯವರು ತೊಳೆದಿಡಬೇಕು. ಆಮೇಲೆ ಅದು ಇನ್ನೊಂದು ಮಗುವಿಗಲ್ಲದೆ ನೀರು ಕಾಣುವುದಿಲ್ಲ. ನನ್ನ ಬಾಣಂತನದಲ್ಲಿ ಅದನ್ನು ತೊಳೆದವಳು ಅವ್ವ. ನಾನು ಒಳಗೆ ಮಗುವಿನೊಂದಿಗೆ ಮಲಗಿದ್ದೆ. ಹಾಗಾಗಿ ತೊಳೆಯುವುದನ್ನು ನಾನೆಂದೂ ನೋಡಿರಲಿಲ್ಲ.

ಮೊದಲೆಲ್ಲ ಲಕ್ಷ್ಮಣತೀರ್ಥದ ಹೊಳೆಗೇ ಒಯ್ಯುತ್ತಿದ್ದರಂತೆ. ನಾವು ತೋಟದ ಪಂಪ್‌ಸೆಟ್ಟಿನ ತೊಟ್ಟಿಗೆ ಒಯ್ದೆವು. ಬೆಳಿಗ್ಗೆಯ ಬಿಸಿಲು ಚೆನ್ನಾಗಿತ್ತು. ತೊಟ್ಟಿಗೆ ಅದೇ ತಾನೇ ಬಿಟ್ಟ ನೀರು, ತಳ ಕಾಣುವಷ್ಟು ತಿಳಿ. ಅಂಟುವಾಳದ ನೊರೆ ಬೇರೆ ಬಕೆಟ್ಟಿನಲ್ಲಿ ಕಲಸಿಟ್ಟು, ಮೊದಲು ಬರೀ ನೀರಿಗೆ ಬೊಂತೆ ಬಿಡಲು ಅವ್ವ ಹೇಳಿದಳು. ನಾನು ಒಂದು ತುದಿ, ಅವಳು ಒಂದು ತುದಿ ಹಿಡಿದು ಮೆಲ್ಲಗೆ ಇಳಿಸಿದೆವು. ಅದು ನೀರಿನ ಮೇಲೆ ಹರಡಿಕೊಂಡು ಒಂದು ಗಳಿಗೆ ಹಾಗೇ ತೇಲಿತು. ಆಮೇಲೆ ನೆನೆಯತೊಡಗಿತು.

ಮೊದಲು ನನಗೆ ಏನೆಂದೇ ತಿಳಿಯಲಿಲ್ಲ. ಬಿಳಿ ಬಟ್ಟೆಯ ಅಡಿಯಿಂದ ಒಂದು ಕೆಂಪು ಏಳುತ್ತಿತ್ತು. ಬಣ್ಣ ಬಿಡುತ್ತಿದೆ, ಕೆಟ್ಟಿತು ಎಂದು ತುದಿ ಮೇಲೆಳೆಯಹೋದೆ. ಆದರೆ ನೀರು ತಿಳಿಯಾಗಿಯೇ ಇತ್ತು. ಕೆಂಪಿನ ಪಕ್ಕದಲ್ಲಿ ನೀಲಿ ಎದ್ದಿತು, ಮಳೆಮೋಡದಂಥ ಕಡುನೀಲಿ. ಮತ್ತೆ ಕೆಂಪು, ಅದರಲ್ಲಿ ಸಣ್ಣ ಚೌಕಳಿ. ಮತ್ತೆ ನೀಲಿ, ಅದರ ಅಂಚಿನಲ್ಲಿ ತೆಳ್ಳನೆಯ ಗೀರು. ನೀರು ಒಳಗಿಳಿದಂತೆಲ್ಲ ಬಿಳಿ ಕರಗಿಹೋದಂತಾಗಿ, ಒಳಗಿನದು ಮೇಲೆ ಬಂತು. ಎರಡು ಸೀರೆಗಳು. ಹರಿದು ಚೌಕಚೌಕವಾಗಿಸಿ, ಒಂದರ ಪಕ್ಕ ಒಂದಿಟ್ಟು, ಅಂಚಿನಲ್ಲಿ ಒಂದರ ಮೇಲೊಂದು ಏರಿಸಿ ಜೋಡಿಸಿದ್ದರು. ಏರಿದ ಕಡೆಯೆಲ್ಲ ಕೆಂಪು ನೀಲಿ ಕೂಡಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ನೂರು ವರ್ಷ ಬಿಸಿಲು ಕಾಣದ್ದರಿಂದ ಆ ಬಣ್ಣಗಳು ನಿನ್ನೆ ಮಗ್ಗದಿಂದ ಇಳಿದಂತಿದ್ದವು. ಇಡೀ ತೊಟ್ಟಿ ಬಣ್ಣದಿಂದ ತುಂಬಿಹೋಗಿತ್ತು.

ನಾನು ತುದಿ ಹಿಡಿದುಕೊಂಡು ನಿಂತೇ ಇದ್ದೆ.

"ನೋಡ್ದಾ" ಎಂದಳು ಅವ್ವ. "ನಾನೂ ಮೊದ್ಲು ಕಂಡಾಗ ಇಂಗೇ ನಿಂತಿದ್ದೆ. ನಮ್ಮವ್ವ ಹೇಳೇ ಇರ್ಲಿಲ್ಲ."

"ನೀನೂ ನಂಗೆ ಹೇಳ್ಲಿಲ್ಲ."

"ಇದನ್ನ ಹೆಂಗವ್ವ ಹೇಳದು?"

ಅವರು ಆ ಗುಡಿಸಲಲ್ಲಿ ಉಟ್ಟಿದ್ದ ಸೀರೆಗಳೋ, ಮದುವೆಗೆ ತಂದದ್ದೋ, ಅವ್ವನಿಗೆ ಗೊತ್ತಿಲ್ಲ. ಕೆಂಪು ಯಾರದು, ನೀಲಿ ಯಾರದು, ಅದೂ ಗೊತ್ತಿಲ್ಲ. ಮಗಳನ್ನು ಕರೆದು ತೋರಿಸುತ್ತೇನೆಂದು ನಾನು ಮನೆಯ ಕಡೆ ತಿರುಗಿದೆ. ಅವ್ವ ತಡೆದಳು.

"ಹಸಿ ಬಾಣಂತಿ, ಗಾಳಿಗೆ ತರಬ್ಯಾಡ. ಅವಳ ಸರದಿ ಬತ್ತದೆ ಬುಡು."

ಅಂಟುವಾಳದ ನೊರೆಯಲ್ಲಿ ತೊಳೆದು, ಮೂರು ನೀರು ಬಿಟ್ಟು, ಹಿಂಡದೆ ಎತ್ತಿದೆವು. ನೀರು ಕುಡಿದು ಅದು ಒಂದು ಆಳಿನಷ್ಟು ಭಾರವಾಗಿತ್ತು. ತೆಂಗಿನ ಮರಗಳ ನಡುವಿನ ಹಗ್ಗದ ಮೇಲೆ ಹರವಿ ಹಾಕುವಷ್ಟರಲ್ಲಿ ಇಬ್ಬರೂ ನೆನೆದುಹೋಗಿದ್ದೆವು. ಬ್ಯಾರನ್ನಿನ ಕಡೆಯಿಂದ ಬಂದ ಗಂಡ ದೂರದಿಂದಲೇ ನೋಡಿ ಹೆಜ್ಜೆ ನಿಲ್ಲಿಸಿದರು. "ಅದೇನದು?" ಎಂದು ಕೇಳಿದರು. ಬೊಂತೆ ಎಂದೆ. ಅವರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಒಲೆ ನೋಡಲು ಹಿಂತಿರುಗಿದರು.

ನಾನೂ ಅವ್ವನೂ ಬದುವಿನ ಮೇಲೆ ಕೂತೆವು. ಮೇಲಿನ ಅಂಚು ಮೊದಲು ಒಣಗಿತು. ಅಲ್ಲಿಂದ ಬಿಳಿ ಇಳಿಯತೊ​ಡಗಿತು, ಬಹಳ ನಿಧಾನವಾಗಿ, ಒಂದೊಂದೇ ಚೌಕವನ್ನು ಮುಚ್ಚುತ್ತ. ಒಂದು ಕೆಂಪು ಹೋಯಿತು, ಒಂದು ನೀಲಿ ಹೋಯಿತು. ಒಳಗೆ ಮಗು ಎದ್ದು ಅತ್ತದ್ದು ಕೇಳಿಸಿತು, ಮಗಳು ಸಮಾಧಾನ ಮಾಡಿದ್ದೂ ಕೇಳಿಸಿತು. ನಾವು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತುದಿಯಲ್ಲಿ ಹನಿ ಕಟ್ಟಿದ ಕಡೆ ಒಂದು ಅಂಗೈಯಗಲ ನೇರಳೆ ಉಳಿದಿತ್ತು. ಅವ್ವ ಕೈಯನ್ನು ಹಣೆಗೆ ಅಡ್ಡವಾಗಿ ಹಿಡಿದು, ಅದು ಪೂರ್ತಿ ಮುಚ್ಚಿಕೊಳ್ಳುವವರೆಗೂ ನೋಡುತ್ತಲೇ ಇದ್ದಳು.